ಬೋರ್ಡ್ ಆಮೇಲೆ ಹಾಕಿ, ಮೊದಲು ಅರ್ಜಿ ಹಾಕಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಜಿಲ್ಲಾ ಪುಟದಲ್ಲಿ ಎರಡು ಥರದ ಸುದ್ದಿ ಆಗಾಗ ಬರ್ತಾನೇ ಇರುತ್ತೆ. ಒಂದು, 'ಪರವಾನಗಿ ಇಲ್ಲದ ಅನಾಥಾಶ್ರಮಕ್ಕೆ ಬೀಗ, ಮಕ್ಕಳ ರಕ್ಷಣೆ' ಅನ್ನೋದು. ಇನ್ನೊಂದು, 'ಅನಾಥ ಮಕ್ಕಳೊಂದಿಗೆ ಹುಟ್ಟುಹಬ್ಬ ಆಚರಿಸಿಕೊಂಡ ಯುವ ಮುಖಂಡ' ಅಂತ ಕೇಕ್ ಕಟ್ ಮಾಡೋ ಫೋಟೋ. ಮೊದಲನೇ ಸುದ್ದೀಲಿ ಆಶ್ರಮ ನಡೆಸೋರು ಕಳ್ಳರು, ಎರಡನೇದ್ರಲ್ಲಿ ದೇವರು. ಆದ್ರೆ ಎರಡನೇ ಆಶ್ರಮಕ್ಕೆ ಪರವಾನಗಿ ಇದೆಯೋ ಇಲ್ವೋ ಅಂತ ಸುದ್ದಿ ಬರೆದವರು ಕೇಳಿರಲ್ಲ, ಕೇಕ್ ತಗೊಂಡು ಹೋದವರೂ ಕೇಳಿರಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಕತ್ತರಿ ಹಾಕೋದಿದ್ರೆ ಕೊನೇ ಭಾಗಕ್ಕೆ ಮಾತ್ರ ಹಾಕ್ಬೇಡಿ, ಅದು ಪತ್ರಿಕೆಯವರಿಗೇ ಬರೆದಿರೋದು.

ನಾನು ಮಧ್ಯ ಕರ್ನಾಟಕದ ಒಂದು ತಾಲೂಕು ಕೇಂದ್ರದಲ್ಲಿ ಹೆಣ್ಣುಮಕ್ಕಳ ಒಂದು ಸಣ್ಣ ಬಾಲಗೃಹ ನಡೆಸೋ ಟ್ರಸ್ಟಿನ ಕಾರ್ಯದರ್ಶಿ. ನೋಂದಣಿ ಆಗಿ, ರಿನ್ಯೂವಲ್ಲೂ ಆಗಿರೋ ಸಂಸ್ಥೆ. ಹಾಗಾಗಿ ಸುತ್ತಮುತ್ತ ಯಾರಾದ್ರೂ ಹೊಸದಾಗಿ ಶುರು ಮಾಡ್ಬೇಕು ಅಂದ್ರೆ ಜನ ನನ್ನ ನಂಬರ್ ಕೊಟ್ಟುಬಿಡ್ತಾರೆ. ಫೋನ್ ಮಾಡೋರು ಬಹುತೇಕ ಒಳ್ಳೆಯವರೇ. ರಿಟೈರ್ ಆದ ಮೇಷ್ಟ್ರು, ಮಗನ್ನ ಕಳ್ಕೊಂಡ ದಂಪತಿ, ಊರಿನ ಯುವಕ ಸಂಘದವರು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿ ಇದ್ದು 'ಊರಿಗೆ ಏನಾದ್ರೂ ಮಾಡ್ಬೇಕು ಮೇಡಂ' ಅನ್ನೋ ಹುಡುಗರು. ಮಾತು ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ: 'ಅಪ್ಪಾಜಿ ಕಟ್ಟಿಸಿದ ಮನೆ ಖಾಲಿ ಇದೆ, ಟ್ರಸ್ಟ್ ಮಾಡಿದ್ದೀವಿ, ಬೋರ್ಡ್ ಬರೆಸಿದ್ದೀವಿ, ಈಗಾಗಲೇ ಏಳೆಂಟು ಮಕ್ಕಳು ಬಂದಿದ್ದಾರೆ, ಈ ಲೈಸೆನ್ಸ್ ಒಂದು ಹೆಂಗೆ ಮಾಡಿಸೋದು ಹೇಳಿ.' ಮನೆ, ಟ್ರಸ್ಟು, ಬೋರ್ಡು ಯಾವುದಕ್ಕೂ ನನ್ನ ತಕರಾರಿಲ್ಲ. 'ಈಗಾಗಲೇ ಮಕ್ಕಳು ಬಂದಿದ್ದಾರೆ' ಅನ್ನೋದು ಕೇಳಿದ ತಕ್ಷಣ ಎದೆ ಧಸಕ್ ಅನ್ನುತ್ತೆ. ಯಾಕಂದ್ರೆ ಅಷ್ಟೊತ್ತಿಗೆ ಅವರು ಕಾನೂನಿನ ಕಣ್ಣಲ್ಲಿ ಅಪರಾಧ ಮಾಡಿ ಆಗಿದೆ, ಪಾಪ ಅವರಿಗೆ ಗೊತ್ತೇ ಇಲ್ಲ.

ವಿಷಯ ಇಷ್ಟು. 2015ರ ಬಾಲನ್ಯಾಯ ಕಾಯ್ದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. ಅದರ 41ನೇ ಕಲಂ ಪ್ರಕಾರ ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನ ಇಟ್ಕೊಳ್ಳೋ ಯಾವ ಸಂಸ್ಥೆನೇ ಆಗಲಿ, ಸರ್ಕಾರದ್ದಾಗಲಿ ಖಾಸಗಿಯದ್ದಾಗಲಿ, ಗ್ರಾಂಟ್ ತಗೊಳ್ಳಲಿ ಬಿಡಲಿ, ನೋಂದಣಿ ಆಗ್ಲೇಬೇಕು. ಆಗಿಲ್ಲ ಅಂದ್ರೆ 42ನೇ ಕಲಂ: ಒಂದು ವರ್ಷದವರೆಗೆ ಜೈಲು, ಇಲ್ಲಾ ಒಂದು ಲಕ್ಷಕ್ಕೆ ಕಮ್ಮಿ ಇಲ್ಲದ ದಂಡ, ಇಲ್ಲಾ ಎರಡೂ. ಅರ್ಜಿ ಹಾಕೋದು ತಡ ಮಾಡಿದ ಪ್ರತಿ 30 ದಿನಕ್ಕೂ ಅದು ಬೇರೆ ಬೇರೆ ಅಪರಾಧ ಅಂತ ಲೆಕ್ಕ. 'ನಾವೇನು ದುಡ್ಡಿಗೆ ಮಾಡ್ತಿಲ್ವಲ್ಲ' ಅಂತಾರೆ. ಕಾಯ್ದೆ ನಿಮ್ಮ ಉದ್ದೇಶ ಏನು ಅಂತ ಕೇಳೋದೇ ಇಲ್ಲ, ಸರ್ಟಿಫಿಕೇಟ್ ಎಲ್ಲಿದೆ ಅಂತಷ್ಟೇ ಕೇಳುತ್ತೆ. ಸುಪ್ರೀಂ ಕೋರ್ಟ್ ಕೂಡ ತಮಿಳುನಾಡಿನ ಅನಾಥಾಲಯಗಳಲ್ಲಿ ಮಕ್ಕಳ ಶೋಷಣೆ ಕುರಿತ ಕೇಸಿನಲ್ಲಿ 2017ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟು, ಆ ವರ್ಷದ ಕೊನೆಯೊಳಗೆ ಎಲ್ಲಾ ಸಂಸ್ಥೆಗಳ ನೋಂದಣಿ ಮುಗಿಸಿ ಅಂದಿತ್ತು. ಅದಾಗಿ ಎಷ್ಟು ವರ್ಷ ಆಯ್ತು ನೀವೇ ಲೆಕ್ಕ ಹಾಕಿ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ, ಫೋನ್ ಮಾಡೋರಿಗೆ ಅದನ್ನ ಅರ್ಥ ಮಾಡಿಸೋದೇ ಕಷ್ಟ. ಲೈಸೆನ್ಸ್ ಇದ್ರೂ ಮಗುನ ನೀವಾಗೇ ಸೇರಿಸ್ಕೊಳ್ಳೋ ಹಾಗಿಲ್ಲ. ಯಾವ ಮಗು ಬರಬೇಕು, ಎಷ್ಟು ದಿನ ಇರಬೇಕು, ಯಾವಾಗ ಮನೆಗೆ ಹೋಗಬೇಕು, ಇದನ್ನೆಲ್ಲ ತೀರ್ಮಾನ ಮಾಡೋದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಒಬ್ಬ ಅಧ್ಯಕ್ಷರು, ನಾಲ್ಕು ಜನ ಸದಸ್ಯರು, ಅದರಲ್ಲಿ ಒಬ್ರಾದ್ರೂ ಮಹಿಳೆ. ಯಾರದ್ದೇ ಕೈಗೆ ಅಂಥ ಮಗು ಸಿಕ್ಕಿದ್ರೂ 24 ಗಂಟೆ ಒಳಗೆ, ಪ್ರಯಾಣದ ಟೈಮ್ ಬಿಟ್ಟು, ಸಮಿತಿ ಮುಂದೆ ಹಾಜರುಪಡಿಸಬೇಕು. ಸಮಿತಿ ಕೂತಿಲ್ಲ ಅಂದ್ರೆ ಒಬ್ಬ ಸದಸ್ಯರ ಮುಂದೆ ಆದ್ರೂ ಸರಿ. ಬಾಲಗೃಹ ಅನ್ನೋದು ಸಮಿತಿ ಆದೇಶದ ಮೇಲೆ ಮಗುನ ನೋಡ್ಕೊಳ್ಳೋ ಜಾಗ ಅಷ್ಟೇ, ಮಗು ನಿಮ್ಮದಾಗಲ್ಲ. ಇದನ್ನ ಹೇಳಿದ್ರೆ ಕೆಲವರಿಗೆ ಬೇಜಾರಾಗುತ್ತೆ, 'ಹಂಗಾದ್ರೆ ನಮ್ಮ ಸೇವೆಗೆ ಬೆಲೆ ಏನು' ಅಂತ. ಬೇಜಾರಾದ್ರೂ ಪರವಾಗಿಲ್ಲ, ಮೊದಲೇ ಗೊತ್ತಾಗೋದು ಒಳ್ಳೇದು.

ಹೋದ ಮಳೆಗಾಲದಲ್ಲಿ ನಡೆದಿದ್ದು ಹೇಳ್ತೀನಿ (ಊರು ಹೇಳಲ್ಲ, ಹೇಳೋ ಹಾಗೂ ಇಲ್ಲ). ಸಂಜೆ ಕತ್ತಲಾಗೋ ಹೊತ್ತಿಗೆ ಒಬ್ಬ ಅಜ್ಜಿ ಎರಡು ಹೆಣ್ಣುಮಕ್ಕಳನ್ನ ಕರ್ಕೊಂಡು ಗೇಟ್ ಹತ್ರ ಬಂದ್ಲು. ಕೈಯಲ್ಲಿ ಒಂದು ಬಟ್ಟೆ ಅಂಗಡಿ ಕವರು, ಅದರಲ್ಲಿ ಇಬ್ಬರದೂ ಒಂದೊಂದು ಜೊತೆ ಬಟ್ಟೆ, ದೊಡ್ಡವಳ ಸ್ಕೂಲಿನ ಪ್ರೋಗ್ರೆಸ್ ಕಾರ್ಡು. 'ಇಟ್ಕೊಳವ್ವಾ, ನನ್ ಕೈಲಾಗಲ್ಲ, ನಂಗೇ ಕಣ್ ಕಾಣಲ್ಲ' ಅಂದ್ಲು. ನಮ್ಮ ಗೃಹಮಾತೆ ಮೊದಲು ಒಳಗೆ ಕರೆದು ಮೂರೂ ಜನಕ್ಕೆ ಅನ್ನ ಸಾರು ಹಾಕಿದ್ಲು, ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ವಿ, ರಾತ್ರಿಗೆ ಅಂತ ಸಮಿತಿಯ ಸದಸ್ಯೆಗೆ ತಿಳಿಸಿ ಅನುಮತಿ ತಗೊಂಡ್ವಿ, ಮಾರನೇ ದಿನ ಸಮಿತಿ ಮುಂದೆ ಹಾಜರು. ಅಲ್ಲಿ ವಿಚಾರಿಸಿದಾಗ ಗೊತ್ತಾಗಿದ್ದು, ತಂದೆ ಕುಡಿದೂ ಕುಡಿದೂ ತೀರಿಕೊಂಡಿದ್ದ, ತಾಯಿ ಇದ್ದಾಳೆ, ಬೆಂಗಳೂರಿನ ಗಾರ್ಮೆಂಟ್ಸಲ್ಲಿ ಕೆಲಸ, ಪಿಜಿಯಲ್ಲಿ ಮಕ್ಕಳನ್ನ ಇಟ್ಕೊಳ್ಳೋಕೆ ಬಿಡಲ್ಲ ಅಂತ ಅಜ್ಜಿ ಹತ್ರ ಬಿಟ್ಟಿದ್ಲು. ಅನಾಥರೇ ಅಲ್ಲ ಅವರು! ತಾಯಿನ ಕರೆಸಿದ್ರು, ಮನೆ ಭೇಟಿ ವರದಿ ಆಯ್ತು, ಪ್ರಾಯೋಜಕತ್ವ ಯೋಜನೆಗೆ ಅರ್ಜಿ ಹಾಕಿಸಿದ್ರು. ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಅಡಿಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ತಾಯಿ ಊರಿಗೇ ಬಂದು ಟೈಲರಿಂಗ್ ಶುರು ಮಾಡಿದ್ಲು. ದುಡ್ಡು ತಿಂಗಳು ತಿಂಗಳು ಟೈಮಿಗೆ ಸರಿಯಾಗಿ ಬೀಳುತ್ತೆ ಅಂತ ನಾನು ಹೇಳಲ್ಲ, ಅದೊಂದು ಬೇರೆ ಗೋಳು. ಆದ್ರೆ ಮಕ್ಕಳು ಅಮ್ಮನ ಜೊತೆ ಇದ್ದಾರೆ. ಅವತ್ತು ಅಜ್ಜಿ ನಮ್ಮ ಗೇಟಿಗೆ ಬರೋ ಬದಲು ಲೈಸೆನ್ಸ್ ಇಲ್ಲದ ಯಾವುದೋ ಆಶ್ರಮಕ್ಕೆ ಹೋಗಿದ್ರೆ, ಅವರು ಪ್ರೀತಿಯಿಂದಲೇ ಸೇರಿಸ್ಕೊಂಡು, 'ಇಬ್ಬರು ಅನಾಥ ಹೆಣ್ಣುಮಕ್ಕಳು' ಅಂತ ಫೇಸ್‌ಬುಕ್ಕಲ್ಲಿ ಹಾಕಿರೋರು.

ಹಾಗಾಗಿ ನನಗೆ ಫೋನ್ ಮಾಡೋರಿಗೆ ಮೊದಲು ಕೇಳೋದು, ನಿಮಗೆ ಬಾಲಗೃಹವೇ ಬೇಕಾ? ಕಾಯ್ದೆಯ ಶುರುವಿನಲ್ಲೇ, 3ನೇ ಕಲಂನಲ್ಲಿ, ಸಂಸ್ಥೆಗೆ ಸೇರಿಸೋದು ಕಟ್ಟಕಡೆಯ ದಾರಿ ಅಂತ ಬರೆದಿದ್ದಾರೆ. ವಿಧವೆ ತಾಯಿ, ಜೈಲಲ್ಲಿರೋ ತಂದೆ, ಕಾಯಿಲೆ ಬಿದ್ದ ಪೋಷಕರು, ಇಂಥ ಮನೆಗಳ ಮಕ್ಕಳಿಗೆ ಪ್ರಾಯೋಜಕತ್ವ ಇದೆ. ಹಳ್ಳಿಯಲ್ಲಾದ್ರೆ ಕುಟುಂಬದ ವರ್ಷದ ಆದಾಯ 72 ಸಾವಿರ, ಬೇರೆ ಕಡೆ 96 ಸಾವಿರ ದಾಟಿರಬಾರದು ಅಂತ ಮಿತಿ. ಎಷ್ಟು ಜನ ತಾಯಂದಿರಿಗೆ ಇದು ಗೊತ್ತಿದೆ? ನಿಮ್ಮ ಯುವಕ ಸಂಘ ಒಂದು ಹೋಬಳಿಯಲ್ಲಿ ಇಂಥ ಮನೆಗಳನ್ನ ಹುಡುಕಿ, ಆದಾಯ ಪತ್ರ, ಆಧಾರು, ಬ್ಯಾಂಕ್ ಪಾಸ್‌ಬುಕ್ಕು ಹೊಂದಿಸಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಮುಟ್ಟಿಸಿದ್ರೆ, ಒಂದು ಬಾಲಗೃಹ ಕಟ್ಟೋದಕ್ಕಿಂತ ಹೆಚ್ಚು ಮಕ್ಕಳಿಗೆ ಉಪಯೋಗ ಆಗುತ್ತೆ. ಬೋರ್ಡಿನ ಮೇಲೆ ನಿಮ್ಮ ಹೆಸರು ಬರಲ್ಲ ಅಷ್ಟೇ.

ಇಷ್ಟು ಹೇಳಿದ ಮೇಲೂ, ಇಲ್ಲ ನಮ್ಮ ಕಡೆ ನಿಜವಾಗ್ಲೂ ಜಾಗ ಇಲ್ಲ, ಸಮಿತಿಯವರೇ ಮಕ್ಕಳನ್ನ ನೂರು ಕಿಲೋಮೀಟರ್ ದೂರ ಕಳಿಸ್ತಿದ್ದಾರೆ ಅಂದ್ರೆ ಸರಿ, ಮಾಡಿ. ಹಂಗೆ ಕಷ್ಟ ಏನಿಲ್ಲ. ಟ್ರಸ್ಟ್ ಡೀಡ್ ಸಬ್‌ ರಿಜಿಸ್ಟ್ರಾರ್ ಹತ್ರ ರಿಜಿಸ್ಟರ್ ಮಾಡ್ಸಿ, ಇಲ್ಲಾ 1960ರ ಸಂಘಗಳ ನೋಂದಣಿ ಕಾಯ್ದೆ ಕೆಳಗೆ ಸೊಸೈಟಿ ಮಾಡ್ಕೊಳ್ಳಿ. ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸೋ ನೀತಿ ಆಯೋಗದ ದರ್ಪಣ್ ಪೋರ್ಟಲ್ಲಲ್ಲಿ ನಂಬರ್ ತಗೊಳ್ಳಿ. ಆಮೇಲೆ ನಮೂನೆ 27ರಲ್ಲಿ ಅರ್ಜಿ. ಅದರಲ್ಲಿ ಪದಾಧಿಕಾರಿಗಳ ಪಟ್ಟಿ, ಆಡಿಟ್ ಲೆಕ್ಕ, ಕಟ್ಟಡದ ವಿವರ, ಸಿಬ್ಬಂದಿ ವಿವರ, ಜೊತೆಗೆ ಯಾರ ಮೇಲೂ ಮಕ್ಕಳ ದೌರ್ಜನ್ಯದ್ದೋ ಬಾಲಕಾರ್ಮಿಕರದ್ದೋ ಕೇಸ್ ಇಲ್ಲ ಅಂತ ಘೋಷಣೆ ಕೇಳ್ತಾರೆ. ಫೈರ್, ಕಟ್ಟಡದ ಭದ್ರತೆ, ಕುಡಿಯೋ ನೀರಿನ ಟೆಸ್ಟು, ಅಡುಗೆಮನೆಗೆ ಆಹಾರ ಸುರಕ್ಷತೆ, ಸಿಬ್ಬಂದಿಗೆ ಪೊಲೀಸ್ ವೆರಿಫಿಕೇಶನ್, ಇವೆಲ್ಲ ಒಂದೊಂದು ಆಫೀಸು. ಇದಕ್ಕೆ ಅಲೆದಾಟ ಇದ್ದೇ ಇದೆ, ಸುಳ್ಳು ಹೇಳಲ್ಲ.

ಜನ ಎಡವೋದು ಕಾಗದದಲ್ಲಿ ಅಲ್ಲ, ಕಟ್ಟಡದಲ್ಲಿ ಮತ್ತು ಸಿಬ್ಬಂದಿಯಲ್ಲಿ. ಈ ಕಾಯ್ದೆ ಕೆಳಗೆ ಮಾಡಿರೋ ಮಾದರಿ ನಿಯಮಗಳ ಪ್ರಕಾರ ಮಲಗೋ ಜಾಗ ಒಂದು ಮಗುವಿಗೆ 40 ಚದರ ಅಡಿ, ಅಂದ್ರೆ 25 ಮಕ್ಕಳಿಗೆ ಸಾವಿರ ಚದರ ಅಡಿಯ ಹಾಲ್ ಬೇಕು. 50 ಮಕ್ಕಳಿಗೆ 8 ಟಾಯ್ಲೆಟ್ಟು, 5 ಬಚ್ಚಲು. ಊಟದ ಹಾಲ್ ಬೇರೆ, ಕಾಯಿಲೆ ಬಿದ್ದ ಮಕ್ಕಳಿಗೆ ಬೇರೆ ರೂಮು, ಆಪ್ತ ಸಮಾಲೋಚನೆಗೆ ಬೇರೆ ರೂಮು, ಲೈಬ್ರರಿ, ಆಟದ ಜಾಗ. ನಮ್ಮಲ್ಲಿ ಪರಿಶೀಲನೆಗೆ ಬಂದಾಗ ಒಬ್ಬ ಮೇಡಂ ಟೇಪ್ ಹಿಡ್ಕೊಂಡೇ ಬಂದಿದ್ರು. ಹಾಲ್ ಅಳೆದ್ರು, ಅದರಲ್ಲಿ ಗೋಡೆಗೆ ಸಾಲಾಗಿ ನಿಲ್ಲಿಸಿದ್ದ ಅಲ್ಮೆರಾಗಳ ಜಾಗ ಕಳೆದ್ರು, ಮಂಚಗಳ ನಡುವೆ ನಡೆಯೋಕೆ ಜಾಗ ಇದೆಯಾ ಅಂತ ತಾವೇ ಅಡ್ಡ ನಡೆದು ನೋಡಿದ್ರು. ಟಾಯ್ಲೆಟ್ಟಿಗೆ ಒಳಗಿಂದ ಚಿಲಕ ಇದೆಯಾ ಅಂತ ಒಂದೊಂದು ಬಾಗಿಲೂ ಹಾಕಿ ನೋಡಿದ್ರು. ಒಂದರ ಚಿಲಕ ಸಡಿಲ ಇತ್ತು, ಅದನ್ನೂ ಬರ್ಕೊಂಡ್ರು. ಕೊನೆಗೆ ನಾವು ಕೇಳಿದ್ದಕ್ಕಿಂತ ಕಮ್ಮಿ ಸಂಖ್ಯೆಗೆ ಮಂಜೂರಾತಿ ಸಿಕ್ತು. ಆಗ ನಮ್ಮ ಅಧ್ಯಕ್ಷರಿಗೆ ಕೋಪ ಬಂದಿತ್ತು, 'ಇವರಪ್ಪನ ಮನೆ ಕಟ್ಟಡನಾ' ಅಂತ. ನನಗೆ ಮಾತ್ರ ಆ ಮೇಡಂ ಮೇಲೆ ಗೌರವ ಜಾಸ್ತಿನೇ ಆಯ್ತು. ಹಳ್ಳಿ ಕಡೆ ದೊಡ್ಡ ತೊಟ್ಟಿ ಮನೆ ಇದೆ, ನೂರು ಮಕ್ಕಳು ಮಲಗಬಹುದು ಅಂತ ಹೇಳೋರಿಗೆ ಇದು ಗೊತ್ತಿರಲಿ, ಚಾಪೆ ಹಾಸೋ ಲೆಕ್ಕ ನಡೆಯಲ್ಲ.

ಸಿಬ್ಬಂದಿ ವಿಷಯ ಇನ್ನೂ ಸೂಕ್ಷ್ಮ. ಹೆಣ್ಣುಮಕ್ಕಳ ಗೃಹದಲ್ಲಿ ಅಧೀಕ್ಷಕರಿಂದ ಹಿಡಿದು ಸಿಬ್ಬಂದಿ ಎಲ್ಲಾ ಹೆಂಗಸರೇ ಇರಬೇಕು. ಇದನ್ನ ಕೇಳಿದ ಕೂಡಲೇ ಎಷ್ಟೋ ಸಂಸ್ಥಾಪಕರು ಸುಮ್ಮನಾಗ್ತಾರೆ, ಯಾಕಂದ್ರೆ ಅವರ ಪ್ಲ್ಯಾನ್ ಏನಿರುತ್ತೆ ಅಂದ್ರೆ ತಾವು ಅದೇ ಬಿಲ್ಡಿಂಗಲ್ಲಿ ಮೇಲ್ಗಡೆ ಇದ್ದು, ಮಕ್ಕಳಿಂದ 'ಅಪ್ಪಾಜಿ' ಅನ್ನಿಸ್ಕೊಂಡು, ಅಡುಗೆಗೆ ಒಬ್ಬರನ್ನ ಇಟ್ಟು ನಡೆಸೋದು. ನೂರು ಮಕ್ಕಳ ಸಂಸ್ಥೆಗೆ ನಾಲ್ಕು ಜನ ಗೃಹಮಾತೆಯರು, ಇಬ್ಬರು ಆಪ್ತ ಸಮಾಲೋಚಕರು, ಕೇಸ್ ವರ್ಕರ್‌ಗಳು, ನರ್ಸು, ಕರೆದಾಗ ಬರೋ ಡಾಕ್ಟ್ರು, ಅಡುಗೆಯವರು, ಸಹಾಯಕರು, ಅಕೌಂಟೆಂಟು ಅಂತ ನಿಯಮದಲ್ಲಿ ಪಟ್ಟಿ ಇದೆ, ಮಕ್ಕಳು ಕಮ್ಮಿ ಇದ್ರೆ ಅದಕ್ಕೆ ತಕ್ಕ ಹಾಗೆ. ದಾನಿಗಳ ವಿಷಯ ಏನಂದ್ರೆ, ಅಕ್ಕಿ ಕೊಡೋರು ಬೇಕಾದಷ್ಟು ಸಿಗ್ತಾರೆ. ಹಬ್ಬ ಬಂದ್ರೆ ಹೋಳಿಗೆ ಊಟ ಹಾಕಿಸೋಕೆ ಕ್ಯೂ. ಕೌನ್ಸೆಲರ್ ಮೇಡಂ ಸಂಬಳಕ್ಕೆ ಅಂತ ಒಬ್ರೂ ದುಡ್ಡು ಕೊಡಲ್ಲ, ಕರೆಂಟ್ ಬಿಲ್ಲಿಗಂತೂ ಕೇಳೋದೇ ಬೇಡ. ರಾತ್ರಿ ಎರಡು ಗಂಟೆಗೆ ಕಿರುಚಿ ಏಳೋ ಮಗುನ ಸಮಾಧಾನ ಮಾಡೋಕೆ ಹೋಳಿಗೆ ಉಪಯೋಗಕ್ಕೆ ಬರಲ್ಲ, ಅಲ್ಲಿ ಎದ್ದಿರೋ ಒಬ್ಬ ಗೃಹಮಾತೆ ಬೇಕು, ಅವಳಿಗೂ ಮನೆ ಮಠ ಇದೆ, ಸಂಬಳ ಬೇಕು, ವಾರದ ರಜೆ ಬೇಕು.

ಇನ್ನೊಂದು ತಪ್ಪು ತಿಳುವಳಿಕೆ: ಲೈಸೆನ್ಸ್ ಆದ್ರೆ ಸರ್ಕಾರದಿಂದ ದುಡ್ಡು ಬರುತ್ತೆ ಅನ್ನೋದು. ನೋಂದಣಿ ಬೇರೆ, ಅನುದಾನ ಬೇರೆ. ಅನುದಾನಕ್ಕೆ ಪ್ರತ್ಯೇಕ ಮಂಜೂರಾತಿ ಬೇಕು, ಕೇಂದ್ರ ರಾಜ್ಯ 60-40 ಹಂಚಿಕೆ, ಅದು ಎಲ್ಲರಿಗೂ ಸಿಗಲ್ಲ. ಸಿಕ್ಕರೂ ಮಗುವಿನ ನಿರ್ವಹಣೆಗೆ ತಿಂಗಳಿಗೆ 3,000 ರೂಪಾಯಿ ಲೆಕ್ಕ, ದಿನಕ್ಕೆ ನೂರು. ಬೆಳಗ್ಗೆ ತಿಂಡಿ, ಹಾಲು, ಮಧ್ಯಾಹ್ನ ರಾತ್ರಿ ಊಟ, ಮೊಟ್ಟೆ, ಬಟ್ಟೆ, ಸೋಪು, ಪ್ಯಾಡು, ಎಲ್ಲಾ ಅದರಲ್ಲೇ ತೂಗಿಸ್ಬೇಕು. ತೂಗಿಸಿ ನೋಡಿ.

ಈಗ ಅಧಿಕಾರಿಗಳ ಕಡೆ ಬರ್ತೀನಿ, ಯಾಕಂದ್ರೆ ಬೈಸಿಕೊಳ್ಳೋದು ಬರೀ ನಾವೇ ಆದ್ರೆ ಅನ್ಯಾಯ. ಕಾಯ್ದೆಯಲ್ಲಿ ಗಡುವು ಅವರಿಗೂ ಇದೆ. ಅರ್ಜಿ ಮುಟ್ಟಿದ ಒಂದು ತಿಂಗಳೊಳಗೆ ತಾತ್ಕಾಲಿಕ ನೋಂದಣಿ ಕೊಡಬಹುದು, ಗರಿಷ್ಠ ಆರು ತಿಂಗಳಿಗೆ. ತಿಂಗಳೊಳಗೆ ಕೊಡಲಿಲ್ಲ ಅಂದ್ರೆ ಅರ್ಜಿ ಕೊಟ್ಟ ಸ್ವೀಕೃತಿಯನ್ನೇ ಆರು ತಿಂಗಳ ತಾತ್ಕಾಲಿಕ ನೋಂದಣಿ ಅಂತ ಪರಿಗಣಿಸಬೇಕು. ಆರು ತಿಂಗಳಾದ್ರೂ ಅರ್ಜಿ ವಿಲೇವಾರಿ ಮಾಡದಿದ್ರೆ ಅದು ಆ ಅಧಿಕಾರಿಯ ಕರ್ತವ್ಯಲೋಪ. ಇದು ನಾನು ಹೇಳ್ತಿರೋದಲ್ಲ, 41ನೇ ಕಲಂನಲ್ಲೇ ಇದೆ. ಆದ್ರೆ ನಡೆಯೋದು ಹೆಂಗೆ? ಅರ್ಜಿ ಕೊಡೋಕೆ ಹೋದ್ರೆ 'ಇಟ್ಟು ಹೋಗಿ, ಸಾಹೇಬ್ರು ಮೀಟಿಂಗಲ್ಲಿದ್ದಾರೆ' ಅಂತಾರೆ, ಸೀಲು ಸಹಿ ಹಾಕಿದ ಸ್ವೀಕೃತಿ ಕೊಡಲ್ಲ. ಸ್ವೀಕೃತಿ ಇಲ್ಲ ಅಂದ್ಮೇಲೆ ಗಡಿಯಾರ ಶುರುವೇ ಆಗಲ್ವಲ್ಲ. ಆಮೇಲೆ ಕೇಳಿದಾಗೆಲ್ಲ ಫೈಲು ಬೆಂಗಳೂರಿಗೆ ಹೋಗಿದೆ, ಅಲ್ಲಿಂದ ಕ್ವೆರಿ ಬಂದಿದೆ, ಕೇಸ್ ವರ್ಕರ್ ಬದಲಾಗಿದ್ದಾರೆ. 2021ರ ತಿದ್ದುಪಡಿ 2022ರ ಸೆಪ್ಟೆಂಬರಿಂದ ಜಾರಿಗೆ ಬಂದ ಮೇಲೆ ಜಿಲ್ಲಾಧಿಕಾರಿಗಳ ಶಿಫಾರಸ್ಸೂ ಬೇಕು, ಒಳ್ಳೇದೇ, ಆದ್ರೆ ಜಿಲ್ಲಾಧಿಕಾರಿ ಟೇಬಲ್ ಮೇಲೆ ಬರ, ನೆರೆ, ಚುನಾವಣೆ, ಜಾತ್ರೆ ಎಲ್ಲಾ ಇರುತ್ತೆ, ಅದರ ಕೆಳಗೆ ನಮ್ಮ ಫೈಲು. ಅದಕ್ಕೆ ಹೊಸಬರಿಗೆ ನಾನು ಹೇಳೋದು, ಸ್ಪೀಡ್ ಪೋಸ್ಟಲ್ಲೂ ಒಂದು ಪ್ರತಿ ಕಳಿಸಿ, ಅದು ತಲುಪಿದ್ದಕ್ಕೆ ಪುರಾವೆ ಜೋಪಾನ ಮಾಡಿ. ಹಂಗಂತ ಆ ಆರು ತಿಂಗಳ ನೆಪದಲ್ಲಿ ಬೀದಿಯಿಂದ ಮಕ್ಕಳನ್ನ ತಂದು ತುಂಬಿಸ್ಕೊಳ್ಳಬೇಡಿ, ಆಗಲೂ ಮಗು ಬರೋದು ಸಮಿತಿ ಮೂಲಕವೇ.

ಸರ್ಟಿಫಿಕೇಟು ನಮೂನೆ 28ರಲ್ಲಿ ಬರುತ್ತೆ, ಐದು ವರ್ಷಕ್ಕೆ. ಅದು ಬಂದ ದಿನ ಫ್ರೇಮ್ ಹಾಕಿಸಿ ಗೋಡೆಗೆ ಹೊಡೆದು ಎಲ್ಲಾ ಮುಗೀತು ಅಂದ್ಕೊಳ್ಳೋರೂ ಇದ್ದಾರೆ. ಬಿಹಾರದ ಮುಜಫ್ಫರ್‌ಪುರ ನೆನಪಿದೆಯಾ? ಅದು ಕದ್ದುಮುಚ್ಚಿ ನಡೆಸ್ತಿದ್ದ ಆಶ್ರಮ ಅಲ್ಲ, ಸರ್ಕಾರದ ದುಡ್ಡಲ್ಲೇ ನಡೀತಿದ್ದ ಬಾಲಿಕಾಗೃಹ. 2018ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್‌ನವರು ಸೋಶಿಯಲ್ ಆಡಿಟ್ ಮಾಡಿದಾಗ ಅಲ್ಲಿನ ಹೆಣ್ಣುಮಕ್ಕಳ ಮೇಲೆ ನಡೀತಿದ್ದ ಲೈಂಗಿಕ ದೌರ್ಜನ್ಯ ಹೊರಗೆ ಬಂತು, 2020ರಲ್ಲಿ ನಡೆಸ್ತಿದ್ದವನಿಗೆ ಜೀವಾವಧಿ ಆಯ್ತು. ಹೊರಗಿನವರು ಬಂದು ಮಕ್ಕಳ ಜೊತೆ ಕೂತು ಮಾತಾಡೋವರೆಗೂ ಯಾವ ಅಧಿಕಾರಿಯೂ ಅದನ್ನ ಹೊರಗೆ ತಂದಿರಲಿಲ್ಲ ಅನ್ನೋದನ್ನ ಯೋಚನೆ ಮಾಡಿ. ಕಾಯ್ದೆ ಪ್ರಕಾರ ಪರಿಶೀಲನಾ ಸಮಿತಿ ಮೂರು ತಿಂಗಳಿಗೊಮ್ಮೆಯಾದ್ರೂ ಬರಬೇಕು, ಕನಿಷ್ಠ ಮೂರು ಜನ, ಅದರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ. ಬರ್ತಾರಾ ಅಂದ್ರೆ, ಬರೋ ಜಿಲ್ಲೆಯಲ್ಲಿ ಬರ್ತಾರೆ. ಬಂದ್ರೂ ಕೆಲವರು ರಿಜಿಸ್ಟರ್‌ಗಳಿಗೆ ಸಹಿ ಹಾಕಿ, ಕಾಫಿ ಕುಡಿದು, ಮಕ್ಕಳನ್ನ ಸಾಲಾಗಿ ನಿಲ್ಲಿಸಿ 'ಊಟ ಚೆನ್ನಾಗಿದೆಯಾ' ಅಂತ ಅಧೀಕ್ಷಕರ ಎದುರೇ ಕೇಳ್ತಾರೆ. ಯಾವ ಮಗು ಇಲ್ಲ ಅನ್ನುತ್ತೆ ಹೇಳಿ. ಟೇಪ್ ತಂದಿದ್ದ ಮೇಡಂ ಮಾತ್ರ ನಮ್ಮನ್ನೆಲ್ಲ ಹೊರಗೆ ಕಳಿಸಿ ಮಕ್ಕಳ ಜೊತೆ ನೆಲದ ಮೇಲೆ ಕೂತ್ಕೊಂಡಿದ್ರು. ಏನು ಮಾತಾಡಿದ್ರು ಅಂತ ನಮಗೆ ಹೇಳಲಿಲ್ಲ, ಹೇಳಬಾರದು ಕೂಡ.

ಕಾನೂನು ಬಿಗಿ ಆದ ಮೇಲೆ ಒಂದು ಹೊಸ ಚಾಳಿ ಶುರುವಾಗಿದೆ. 'ಅನಾಥಾಶ್ರಮ' ಅನ್ನೋ ಬೋರ್ಡ್ ತೆಗೆದು 'ಉಚಿತ ವಿದ್ಯಾರ್ಥಿ ನಿಲಯ' ಅಂತ ಹಾಕ್ಕೊಳ್ಳೋದು. ನಮ್ಮ ರಾಜ್ಯದಲ್ಲಿ ಮಠಗಳ ಪ್ರಸಾದ ನಿಲಯದ ದೊಡ್ಡ ಪರಂಪರೆ ಇದೆ, ಸಿದ್ಧಗಂಗೆಯಂಥ ಕಡೆ ಸಾವಿರಾರು ಬಡ ಮಕ್ಕಳು ಉಂಡು ಓದಿ ಮುಂದೆ ಬಂದಿದ್ದಾರೆ, ಅದರ ಬಗ್ಗೆ ಯಾರೂ ಮಾತಾಡ್ತಿಲ್ಲ. ಅಪ್ಪ ಅಮ್ಮ ಓದೋಕೆ ಅಂತ ಬಿಟ್ಟು, ದಸರಾ ರಜೆಗೆ ಬಂದು ಕರ್ಕೊಂಡು ಹೋಗೋ ಮಗು ಹಾಸ್ಟೆಲ್ ಮಗು. ರಜೆಗೆ ಹೋಗೋಕೆ ಮನೆಯೇ ಇಲ್ಲದ ಮಕ್ಕಳನ್ನ ಇಟ್ಕೊಂಡು ಹಾಸ್ಟೆಲ್ ಅಂತ ಬೋರ್ಡ್ ಹಾಕಿದ್ರೆ ಅದು ಕಣ್ಣಿಗೆ ಮಣ್ಣೆರಚೋದು. ಪರಿಶೀಲನೆಗೆ ಹೋಗೋರು ಬೋರ್ಡ್ ಓದೋದು ಬಿಟ್ಟು, ದಸರಾ ರಜೆಯಲ್ಲಿ ಹೋಗಿ ಎಷ್ಟು ಮಕ್ಕಳು ಒಳಗೆ ಉಳಿದಿದ್ದಾರೆ ಅಂತ ಎಣಿಸಿದ್ರೆ ಸಾಕು.

ದತ್ತು ಕೇಳ್ಕೊಂಡು ಬರೋರ ವಿಷಯ ಒಂದೇ ಮಾತಲ್ಲಿ ಮುಗಿಸ್ತೀನಿ. 'ಒಂದು ಗಂಡು ಮಗು ಇದ್ರೆ ಕೊಡಿ, ಎಷ್ಟಾದ್ರೂ ಡೊನೇಶನ್ ಕೊಡ್ತೀವಿ' ಅಂತ ಯಾವ ಬಾಲಗೃಹಕ್ಕೂ ಹೋಗ್ಬೇಡಿ. ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ 'ಕಾರಾ'ದ ವೆಬ್‌ಸೈಟಲ್ಲಿ ರಿಜಿಸ್ಟರ್ ಆಗಿ ಸರದಿಯಲ್ಲಿ ಕಾಯ್ಬೇಕು, ಅದು ಬಿಟ್ಟು ನೇರವಾಗಿ ಕೊಟ್ಟವರಿಗೂ ತಗೊಂಡವರಿಗೂ ಮೂರು ವರ್ಷದವರೆಗೆ ಜೈಲು ಆಗಬಹುದು.

ಈಗ ನಾನು ಕತ್ತರಿ ಹಾಕ್ಬೇಡಿ ಅಂದಿದ್ದ ಭಾಗ. ಸಂಪಾದಕರೇ, ಕೇಕ್ ಫೋಟೋಗಳನ್ನ ದಯವಿಟ್ಟು ನಿಲ್ಲಿಸಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಫೋಟೋ, ಗುರುತು ಸಿಗೋ ಯಾವ ವಿವರವನ್ನೂ ಪತ್ರಿಕೆಯಲ್ಲಾಗಲಿ ಬೇರೆ ಮಾಧ್ಯಮದಲ್ಲಾಗಲಿ ಹಾಕ್ಬಾರ್ದು ಅನ್ನುತ್ತೆ. ಮಗುವಿನ ಹಿತಕ್ಕೆ ಬೇಕು ಅಂತ ಸಮಿತಿ ಲಿಖಿತವಾಗಿ ಅನುಮತಿ ಕೊಟ್ರೆ ಬೇರೆ ಮಾತು. ಮೀರಿದ್ರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ. ನಮ್ಮಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಯಾರೇ ದಾನಿಗಳು ಬಂದ್ರೂ ಟಾಯ್ಲೆಟ್ ಒಳಗೆ ಹೋಗಿ ಚಿಲಕ ಹಾಕ್ಕೊಂಡು ಕೂರ್ತಿದ್ಲು. ಯಾಕಮ್ಮ ಅಂದ್ರೆ, ಹಿಂದೆ ಇದ್ದ ಜಾಗದಲ್ಲಿ ತೆಗೆದ ಫೋಟೋ ಪೇಪರಲ್ಲಿ ಬಂದಿತ್ತಂತೆ, ಸ್ಕೂಲಲ್ಲಿ ಕ್ಲಾಸಿನ ಹುಡುಗ್ರು ಅದನ್ನ ಕಟ್ ಮಾಡಿ ಬೆಂಚಿಗೆ ಅಂಟಿಸಿದ್ರಂತೆ. ಈಗ ನಮ್ಮಲ್ಲಿ ಊಟ ಹಾಕಿಸೋರು ಅಡುಗೆಮನೆಗೆ ಸಾಮಾನು ಕೊಟ್ಟು, ರಸೀದಿ ತಗೊಂಡು, ಬೇಕಿದ್ರೆ ಆಫೀಸ್ ರೂಮಲ್ಲಿ ಟ್ರಸ್ಟಿಗಳ ಜೊತೆ ಫೋಟೋ ತೆಗೆಸ್ಕೊಂಡು ಹೋಗ್ತಾರೆ. ಡೊನೇಶನ್ ಸ್ವಲ್ಪ ಕಮ್ಮಿ ಆಯ್ತು, ನಿಜ.

ನಿಮ್ಮ ವರದಿಗಾರರಿಗೆ ಒಂದು ಮಾತು ಹೇಳಿಬಿಡಿ. ಯಾವುದೇ ಆಶ್ರಮದ ಬಗ್ಗೆ, ಹೊಗಳೋಕಾಗಲಿ ತೆಗಳೋಕಾಗಲಿ, ಬರೆಯೋ ಮುಂಚೆ ನೋಂದಣಿ ಸಂಖ್ಯೆ ಏನು, ಯಾವ ತಾರೀಖಿನವರೆಗೆ ಇದೆ, ಎಷ್ಟು ಮಕ್ಕಳಿಗೆ ಮಂಜೂರಾತಿ, ಇವತ್ತು ಎಷ್ಟಿದ್ದಾರೆ, ಈ ನಾಲ್ಕು ಕೇಳಿ ಸುದ್ದಿಯಲ್ಲೇ ಹಾಕಲಿ. 'ಬೀಗ ಹಾಕಿದ್ರು' ಅನ್ನೋ ಸುದ್ದಿ ಬರೆದಾಗ, ಒಳಗಿದ್ದ ಮಕ್ಕಳು ಆಮೇಲೆ ಎಲ್ಲಿಗೆ ಹೋದ್ರು, ಅವರ ಸ್ಕೂಲ್ ಏನಾಯ್ತು, ಅಕ್ಕ ತಂಗಿಯರನ್ನ ಬೇರೆ ಬೇರೆ ಕಡೆ ಕಳಿಸಿದ್ರಾ ಅಂತ ಒಂದು ತಿಂಗಳು ಬಿಟ್ಟು, ಹೆಸರು ಊರು ಏನೂ ಹಾಕದೆ, ಇನ್ನೊಂದು ಸುದ್ದಿ ಬರೆಯಲಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೂ ಒಂದು ಬೇಡಿಕೆ: ಜಿಲ್ಲೆಯಲ್ಲಿ ನೋಂದಣಿ ಆಗಿರೋ ಸಂಸ್ಥೆಗಳ ಪಟ್ಟಿನ ಪ್ರತಿ ತಾಲೂಕು ಕಚೇರಿ, ಗ್ರಾಮ ಪಂಚಾಯಿತಿ ನೋಟಿಸ್ ಬೋರ್ಡಿಗೆ ಹಚ್ಚಿ, ಅರ್ಜಿ ಬಾಕಿ ಇರೋ ಸಂಸ್ಥೆಗಳ ಹೆಸರನ್ನೂ, ಅರ್ಜಿ ಕೊಟ್ಟ ತಾರೀಖನ್ನೂ ಅದರ ಪಕ್ಕದಲ್ಲೇ ಹಾಕಿ. ಯಾರು ತಡ ಮಾಡ್ತಿದ್ದಾರೆ ಅಂತ ಜನ ನೋಡ್ಕೊಳ್ತಾರೆ. ಪಟ್ಟಿಯಲ್ಲಿ ಇಲ್ಲದ ಕಡೆ ಮಕ್ಕಳಿದ್ದಾರೆ ಅಂತ ಗೊತ್ತಾದ್ರೆ ಯಾರು ಬೇಕಾದ್ರೂ 1098ಕ್ಕೆ ಫೋನ್ ಮಾಡಬಹುದು, ಹೆಸರು ಹೇಳ್ಲೇಬೇಕು ಅಂತೇನಿಲ್ಲ.

ಇಂತಿ,
ಬಾಲಗೃಹವೊಂದರ ಟ್ರಸ್ಟ್ ಕಾರ್ಯದರ್ಶಿ
(ಹೆಸರು, ಊರು ಪ್ರಕಟಿಸಬೇಡಿ, ನಮ್ಮ ಮಕ್ಕಳ ಗುರುತು ಸಿಗುತ್ತೆ)